ಸ್ಪ್ರಿಂಗಿನ ಆಯ್ಕೆ ಕೊನೆಗಿರಲಿ

ಕಾಡುದಾರಿಗೆಂದು ಪಿಕಪ್ ಗಾಡಿಯ ಹಿಂಭಾಗದ ಸಸ್ಪೆನ್ಷನ್ ಹೊಸದಾಗಿ ಕಟ್ಟಿಸಹೊರಟವರ ಮಾತು ಹೆಚ್ಚಾಗಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಪ್ಲೇಟು (ಲೀಫ್ ಸ್ಪ್ರಿಂಗ್) ಇರಲೋ, ಕಾಯಿಲ್ ಹಾಕಿಸಲೋ? ಈ ಪ್ರಶ್ನೆಯೇ ಅರ್ಧ ತಪ್ಪು ಎಂಬುದು ನನ್ನ ವಾದ. ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಆದರೆ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳ ಹಿಂದಿರುವ ಪ್ಲೇಟುಗಳು ಭಾರವನ್ನಷ್ಟೇ ಹೊರುವುದಿಲ್ಲ. ಆಕ್ಸಲ್ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯದಂತೆ ಹಿಡಿದಿರುವುದೂ ಅವೇ, ಎಂಜಿನ್ನಿನ ತಿರುಚುಬಲ ತಾಳಿಕೊಳ್ಳುವುದೂ ಅವೇ, ಒಂದಕ್ಕೊಂದು ಉಜ್ಜಿ ಕುಲುಕಾಟವನ್ನು ಒಂದಿಷ್ಟು ತಗ್ಗಿಸುವುದೂ ಅವೇ. ಪ್ಲೇಟು ಬಿಚ್ಚಿದ ದಿನ ಈ ಒಂದೊಂದು ಕೆಲಸಕ್ಕೂ ಬೇರೆ ಆಳು ಹುಡುಕಬೇಕು. ಆಕ್ಸಲ್ಲನ್ನು ಯಾವುದು ಹಿಡಿಯಬೇಕು, ಎಲ್ಲಿಂದ ಹಿಡಿಯಬೇಕು ಎನ್ನುವುದು ಮೊದಲು ತೀರ್ಮಾನವಾಗಲಿ.

ಎಲ್ಲ ಹೊರೆ ಒಂದರ ಮೇಲೇ ಬಿದ್ದರೆ ಏನಾಗುತ್ತದೆಂದು ನೋಡಲು ಒದ್ದೆ ಮಣ್ಣಿನ ಒಂದು ಏರು ಸಾಕು. ಆಕ್ಸಿಲರೇಟರ್ ಒತ್ತಿದಾಗ ಚಕ್ರ ಮುಂದಕ್ಕೆ ತಿರುಗುತ್ತದೆ, ಆಕ್ಸಲ್ಲಿನ ಹೌಸಿಂಗ್ ಅದಕ್ಕೆದುರಾಗಿ ಮೂತಿ ಎತ್ತುತ್ತದೆ, ಪ್ಲೇಟು ಎಸ್ ಅಕ್ಷರದಂತೆ ಡೊಂಕಾಗುತ್ತದೆ. ಟೈರಿನ ಹಿಡಿತ ತಪ್ಪಿದೊಡನೆ ಪ್ಲೇಟು ಚಿಮ್ಮಿ ನೆಟ್ಟಗಾಗುತ್ತದೆ, ಟೈರು ಮತ್ತೆ ಕಚ್ಚುತ್ತದೆ, ಮತ್ತೆ ಡೊಂಕು. ಹಿಂದಿನ ಚಕ್ರಗಳು ಕಪ್ಪೆಯಂತೆ ಕುಪ್ಪಳಿಸುವುದು, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಮುರಿಯುವುದು ಹೀಗೆ. ಎತ್ತರ ಬೇಕೆಂದು ಆಕ್ಸಲ್ಲಿಗೂ ಪ್ಲೇಟಿಗೂ ನಡುವೆ ಬ್ಲಾಕು ಇಡಿಸಿದರೆ ರೋಗ ಉಲ್ಬಣಿಸುತ್ತದೆ. ನೆಲದಿಂದ ಪ್ಲೇಟಿಗಿರುವ ದೂರ ಬೆಳೆದಷ್ಟೂ ಟೈರಿನ ನೂಕಿಗೆ ಉದ್ದದ ಸನ್ನೆಕೋಲು ಸಿಕ್ಕಿದಂತೆ.

ಕೆಲಸ ಹಂಚಿದರೆ ಏನು ಸಾಧ್ಯ ಎಂಬುದಕ್ಕೆ 1970ರ ರೇಂಜ್ ರೋವರ್ ಸಾಕ್ಷಿ. ಭಾರಕ್ಕೆ ಕಾಯಿಲ್, ಕೆಳಗೆ ಆಕ್ಸಲ್ಲನ್ನು ಚಾಸಿಗೆ ಕೂಡಿಸುವ ಎರಡು ಉದ್ದನೆಯ ಲಿಂಕು, ಮೇಲೆ ಹೌಸಿಂಗಿನ ನಡುಭಾಗಕ್ಕೆ ಬಾಲ್ ಜಾಯಿಂಟಿನಿಂದ ಕೂಡಿದ ‘ಎ’ ಆಕಾರದ ಚೌಕಟ್ಟು. ಪಕ್ಕಕ್ಕೆ ಸರಿಯುವುದನ್ನೂ ಆ ಚೌಕಟ್ಟೇ ತಡೆಯುತ್ತದೆ. ಐದು ದಶಕದ ಬಳಿಕ, 2021ರ ಮಾದರಿಯಲ್ಲಿ, ಫೋರ್ಡ್ ರ‍್ಯಾಪ್ಟರ್ ಕೂಡ ಪ್ಲೇಟು ಬಿಟ್ಟು ಐದು ಲಿಂಕು, 24 ಇಂಚಿನ ಕಾಯಿಲ್‌ಗೆ ಬಂತು. ಇಂಥ ರಚನೆಯ ಜೀವಾಳ ಲಿಂಕುಗಳ ಓರೆಯಲ್ಲಿದೆ. ಪಕ್ಕದಿಂದ ನೋಡಿ, ಮೇಲಿನ ಮತ್ತು ಕೆಳಗಿನ ಲಿಂಕುಗಳ ಗೆರೆಯನ್ನು ಮುಂದಕ್ಕೆ ಎಳೆದರೆ ಒಂದು ಬಿಂದುವಿನಲ್ಲಿ ಸೇರುತ್ತವೆ. ಹಿಂದಿನ ಟೈರು ನೆಲ ಮುಟ್ಟುವಲ್ಲಿಂದ ಆ ಬಿಂದುವಿನ ಮೂಲಕ ಇನ್ನೊಂದು ಗೆರೆ ಎಳೆದು, ಮುಂದಿನ ಆಕ್ಸಲ್ಲಿನ ನೇರಕ್ಕೆ ಅದು ಎಷ್ಟು ಎತ್ತರದಲ್ಲಿ ಹಾಯುತ್ತದೆಂದು ಅಳೆಯಬೇಕು. ವೀಲ್‌ಬೇಸ್ 3,000 ಮಿ.ಮೀ., ಬಿಂದು ಹಿಂದಿನ ಆಕ್ಸಲ್ಲಿಗಿಂತ 1,500 ಮಿ.ಮೀ. ಮುಂದೆ, 400 ಮಿ.ಮೀ. ಎತ್ತರದಲ್ಲಿದ್ದರೆ ಗೆರೆ ಹಾಯುವುದು 800ರಲ್ಲಿ. ಗಾಡಿಯ ಗುರುತ್ವಕೇಂದ್ರವೂ ಅಷ್ಟೇ ಎತ್ತರದಲ್ಲಿದ್ದರೆ ಆಂಟಿ-ಸ್ಕ್ವಾಟ್ (ಕೂರುವಿಕೆಗೆ ತಡೆ) ನೂರಕ್ಕೆ ನೂರು, ಆಕ್ಸಿಲರೇಟರ್ ಒತ್ತಿದಾಗ ಹಿಂಭಾಗ ಕೂರುವುದೂ ಇಲ್ಲ, ಏಳುವುದೂ ಇಲ್ಲ. ಅದಕ್ಕಿಂತ ತುಂಬ ಹೆಚ್ಚಾದರೆ ಏರಿನಲ್ಲಿ ಹಿಂಭಾಗ ಸೆಟೆದೆದ್ದು ಮತ್ತದೇ ಕುಪ್ಪಳಿಕೆ. ಬಲ್ಲ ಫ್ಯಾಬ್ರಿಕೇಟರ್ ಚಾಸಿಯ ಬ್ರಾಕೆಟ್ಟಿನಲ್ಲಿ ಮೇಲೆ ಕೆಳಗೆ ಮೂರು ನಾಲ್ಕು ತೂತು ಕೊರೆದಿಡುವುದು ಈ ಓರೆಯನ್ನು ಆಮೇಲೆ ತಿದ್ದಲಿಕ್ಕೆ.

ಕಾಯಿಲ್ ಲೆಕ್ಕ ಆಮೇಲಿನದು. ಒಂದು ಬದಿಗೆ 300 ಕೆ.ಜಿ. ಭಾರ, ಸ್ಪ್ರಿಂಗಿನ ಬಿಗಿ ಮಿ.ಮೀ.ಗೆ 30 ನ್ಯೂಟನ್ ಎಂದುಕೊಳ್ಳಿ. ಆಕ್ಸಲ್ಲಿನ ಮೇಲೇ ಕೂರಿಸಿದರೆ ಗಾಡಿ 98 ಮಿ.ಮೀ. ಕುಗ್ಗಿ ನಿಲ್ಲುತ್ತದೆ. ಅದೇ ಸ್ಪ್ರಿಂಗನ್ನು ಕೆಳಗಿನ ಲಿಂಕಿನ ಮೇಲೆ, ಚಾಸಿ ಕಡೆಯಿಂದ ಮುಕ್ಕಾಲು ದೂರದಲ್ಲಿ ಕೂರಿಸಿದರೆ ಚಕ್ರದ ಬಳಿಯ ಬಿಗಿ ಸುಮಾರು 17ಕ್ಕಿಳಿದು, ಗಾಡಿ 174 ಮಿ.ಮೀ. ಕುಗ್ಗುತ್ತದೆ. ಬದಲಾದದ್ದು ಜಾಗ ಮಾತ್ರ. ಲಿಂಕು ನಿಶ್ಚಯವಾಗದೆ ಸ್ಪ್ರಿಂಗ್ ಕೊಳ್ಳುವುದೆಂದರೆ ಕಾಲಿನ ಅಳತೆ ಕೊಡದೆ ಚಪ್ಪಲಿ ಹೊಲಿಸಿದಂತೆ.

ಪ್ಲೇಟು ಸರಳ, ಯಾವ ಊರಲ್ಲೂ ರಿಪೇರಿಯಾಗುತ್ತದೆ ಎನ್ನುವವರ ಮಾತು ಹಗುರವಾದುದಲ್ಲ. ಸಕಲೇಶಪುರ, ಕೊಡಗಿನ ಕಾಫಿ ತೋಟಗಳ ಹಳೆಯ ಜೀಪುಗಳು ದುಡಿದದ್ದು ಪ್ಲೇಟಿನ ಮೇಲೆಯೇ. ಲ್ಯಾಂಡ್ ಕ್ರೂಸರ್ 70 ಸರಣಿ 1999ರಲ್ಲಿ ಮುಂದಕ್ಕೆ ಕಾಯಿಲ್ ಪಡೆದರೂ ಹಿಂದೆ ಪ್ಲೇಟನ್ನೇ ಉಳಿಸಿಕೊಂಡಿತು. ಒಂದು ಪ್ಲೇಟು ತುಂಡಾದರೂ ಉಳಿದವು ಗಾಡಿಯನ್ನು ಮನೆ ಮುಟ್ಟಿಸಬಹುದು, ಲಿಂಕಿನ ಬ್ರಾಕೆಟ್ಟಿನ ವೆಲ್ಡಿಂಗ್ ಬಿಟ್ಟರೆ ಆಕ್ಸಲ್ಲೇ ಸೊಟ್ಟ ತಿರುಗುತ್ತದೆ. ದಿನಾ ಮೂಟೆ ಹೊರುವ ಗಾಡಿಗೆ ನಾನೂ ಪ್ಲೇಟನ್ನೇ ಹೇಳುತ್ತೇನೆ. ಆದರೆ ಅಲ್ಲೂ ಪ್ಲೇಟಿನ ಮೇಲೆ ಪ್ಲೇಟು ಪೇರಿಸುವ ಬದಲು, ತಿರುಚುಬಲ ತಡೆಯಲೊಂದು ಟ್ರ್ಯಾಕ್ಷನ್ ಬಾರ್ ಕೊಟ್ಟರೆ ಪ್ಲೇಟು ಮೆತ್ತಗೇ ಇರಬಹುದು. ಅದೂ ಕೆಲಸ ಹಂಚುವ ದಾರಿಯೇ. ಕಾನೂನಿನ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಎದುರುತ್ತರವಿಲ್ಲ. ನೋಂದಾಯಿತ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಈ ಲಿಂಕುಗಳ ಮಾತೆಲ್ಲ ಸ್ಪರ್ಧೆಗೆಂದೇ ಕಟ್ಟುವ, ಸಾರ್ವಜನಿಕ ರಸ್ತೆಗೆ ಇಳಿಯದ ಗಾಡಿಗೆ.

ಅಂಥ ಗಾಡಿ ಕಟ್ಟುವಾಗ ಬ್ರಾಕೆಟ್ಟುಗಳಿಗೆ ಮೊದಲು ಚುಕ್ಕಿ ವೆಲ್ಡಿಂಗ್ ಅಷ್ಟೇ ಸಾಕು. ಸ್ಪ್ರಿಂಗ್ ಇಲ್ಲದೆಯೇ ಜಾಕ್ ಕೊಟ್ಟು ಆಕ್ಸಲ್ಲನ್ನು ಪೂರ್ತಿ ಮೇಲೆತ್ತಿ, ಪೂರ್ತಿ ಇಳಿಸಿ, ಆಮೇಲೆ ಒಂದು ಬದಿ ಮೇಲೆ ಇನ್ನೊಂದು ಬದಿ ಕೆಳಗೆ ಮಾಡಿ ನೋಡಬೇಕು. ಲಿಂಕು ಚಾಸಿಗೆ ತಾಗುತ್ತದೆಯೇ, ಪ್ರೊಪೆಲ್ಲರ್ ಶಾಫ್ಟ್ ಕಳಚುವಷ್ಟು ಹೊರಬರುತ್ತದೆಯೇ, ಬ್ರೇಕಿನ ಹೋಸು ಬಿಗಿದು ನಿಲ್ಲುತ್ತದೆಯೇ ಎಂಬುದೆಲ್ಲ ಆಗಲೇ ಕಣ್ಣಿಗೆ ಬೀಳುತ್ತದೆ. ಪೂರ್ತಿ ವೆಲ್ಡಿಂಗ್ ಅದಾದ ಮೇಲೆ, ಕಾಯಿಲ್ ಖರೀದಿ ಅದಕ್ಕೂ ಆಮೇಲೆ.