ಬಿರಿಯಾನಿಗೆ ಐದು ಸ್ಟಾರ್, ಬೀದಿಗೆ ಎಷ್ಟು?

ಹೊಸಕೋಟೆ ದಮ್ ಬಿರಿಯಾನಿ ಬಗ್ಗೆ ಯೂಟ್ಯೂಬಲ್ಲಿ ಬರೋ ವಿಡಿಯೊಗಳೆಲ್ಲ ಒಂದೇ ಅಚ್ಚಿನವು. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರಿಂದ ಹೊರಟ ಕಾರು, ಮೈಲುದ್ದದ ಕ್ಯೂ, ಸೌದೆ ಒಲೆ, ಮುಚ್ಚಳ ತೆಗೆದಾಗ ಏಳೋ ಹಬೆ, ಕೊನೆಗೆ 'ಸೂಪರ್ ಗುರೂ' ಅನ್ನೋ ತೀರ್ಪು.

ರುಚಿ ಬಗ್ಗೆ ನನ್ನ ತಕರಾರಿಲ್ಲ. ಮಟನ್ ಮೆತ್ತಗೆ ಬೆಂದಿರುತ್ತೆ, ಮಸಾಲೆ ಹದವಾಗಿರುತ್ತೆ. ತಕರಾರಿರೋದು ಕ್ಯಾಮೆರಾ ತಿರುಗದ ಕಡೆಗೆ. ಆ ಕಾರು ನಿಂತದ್ದು ಯಾರ ಗೇಟಿಗೆ ಅಡ್ಡವಾಗಿ? ಹಾರ್ನ್ ಸದ್ದಿಗೆ ಬೆಚ್ಚಿ ಎದ್ದ ಮಗು ಯಾರದ್ದು? ನಿಮಗೆ ವಾರಕ್ಕೊಂದೇ ಭಾನುವಾರ, ಸರಿ. ಆ ಬೀದಿಯವರಿಗೂ ಅಷ್ಟೇ ಅಲ್ವಾ?

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಹಾರ್ನ್ ಹೊಡೀಬಾರದು ಅಂತ ಶಬ್ದಮಾಲಿನ್ಯದ ನಿಯಮಗಳೇ ಹೇಳುತ್ತವೆ. ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ ಯಾರಾದ್ರೂ ಹಾಗೆ ಗಾಡಿ ನಿಲ್ಲಿಸಿದ್ರೆ ವಾಟ್ಸಾಪ್ ಗ್ರೂಪಲ್ಲಿ ಯುದ್ಧವೇ ಆಗುತ್ತೆ. ಹೊಸಕೋಟೆಗೆ ಹೋದ ತಕ್ಷಣ ಅದೇ ನಾವು ಅತಿಥಿಗಳಾಗಿಬಿಡ್ತೀವಿ.

ಹೋಟೆಲ್ ವಿಮರ್ಶೆ ತಟ್ಟೆಯಲ್ಲೇ ಮುಗಿಯಬಾರದು. ಗಾಡಿ ಎಲ್ಲಿ ನಿಲ್ಲಿಸಬೇಕು, ಎಷ್ಟು ದೂರ ನಡೀಬೇಕು ಅನ್ನೋದನ್ನೂ ಹೇಳಲಿ. ಬಿರಿಯಾನಿಗಾಗಿ ಅಷ್ಟು ದೂರ ಕಾರಲ್ಲಿ ಬಂದೋರಿಗೆ ಕೊನೆಯ ಅರ್ಧ ಕಿಲೋಮೀಟರ್ ನಡೆಯೋದು ಭಾರವೇ? ಹಸಿವಾದ್ರೂ ಹೆಚ್ಚುತ್ತೆ.