ಮೂರನೆಯ ಕೋಣೆಯ ಭಾಷೆ

ಈ ಸಲ ನಾವು ಓದಿದ ಪುಸ್ತಕ ಓ. ಇ. ರೋಲ್ವಾಗ್ ಅವರ 'ಪೀಡರ್ ವಿಕ್ಟೋರಿಯಸ್'. ರೋಲ್ವಾಗ್ ಹುಟ್ಟಿದ್ದು ನಾರ್ವೆಯಲ್ಲಿ, ಪಾಠ ಹೇಳಿದ್ದು ಅಮೆರಿಕದ ಮಿನ್ನೆಸೋಟದಲ್ಲಿ, ಕಾದಂಬರಿ ಬರೆದದ್ದು ಮಾತ್ರ ನಾರ್ವೇಜಿಯನ್ನಿನಲ್ಲೇ. 1928ರಲ್ಲಿ ಮೂಲ, ಮರುವರ್ಷ ಇಂಗ್ಲಿಷ್ ಅನುವಾದ. 'ಜೈಂಟ್ಸ್ ಇನ್ ದಿ ಅರ್ಥ್' ಓದಿದವರಿಗೆ ಬೆರೆಟ್ ಪರಿಚಯವಿದ್ದಾಳೆ. ಡಕೋಟಾದ ಬಯಲಿನಲ್ಲಿ ಗಂಡನನ್ನು ಹಿಮಕ್ಕೆ ಕಳೆದುಕೊಂಡವಳಿಗೆ ಈಗ ಕಿರಿಮಗ ಪೀಡರ್‌ನ ಬಾಯಿಂದ ತಾಯ್ನುಡಿ ಜಾರುತ್ತಿರುವ ಸಂಕಟ.

ಆರಂಭದಲ್ಲೇ ಒಂದು ಅದ್ಭುತ ಕಲ್ಪನೆಯಿದೆ. ಪೀಡರ್ ಮೂರು ಕೋಣೆಗಳಲ್ಲಿ ಬದುಕುತ್ತಾನೆ: ಒಂದರಲ್ಲಿ ಎಲ್ಲವೂ ಇಂಗ್ಲಿಷ್, ಇನ್ನೊಂದರಲ್ಲಿ ನಾರ್ವೇಜಿಯನ್, ಮೂರನೆಯದು ಅವನಿಗೂ ದೇವರಿಗೂ ಮಾತ್ರ. ಅಲ್ಲಿ ಯಾವ ಭಾಷೆ? ಇಡೀ ಕಾದಂಬರಿಯನ್ನು ನಾವು ಓದಿದ್ದು ಈ ಪ್ರಶ್ನೆ ಹಿಡಿದುಕೊಂಡೇ.

ನಮ್ಮ ತಕರಾರು ಪಾದ್ರಿ ಗೇಬ್ರಿಯಲ್‌ಸನ್ ಪಾತ್ರದ ಬಗ್ಗೆ. ಮುಂದೆ ಇಂಗ್ಲಿಷೇ ಗತಿ ಎನ್ನುವ ಈತನನ್ನು ಲೇಖಕರು ತೀರಾ ತೆಳುವಾಗಿ ಬಿಡಿಸಿದ್ದಾರೆ. ಜನಕ್ಕೆ ತಿಳಿಯಲೆಂದೇ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ನಿಗೆ ತಂದವರು ಲೂಥರ್. ಹಾಗಾದರೆ ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ಆರಾಧನೆ ಬೇಕೆನ್ನುವ ಪಾದ್ರಿ, ತಾಯಿ ಕಲಿಸಿದ ಭಾಷೆಯಲ್ಲೇ ಬೇಕೆನ್ನುವ ಬೆರೆಟ್, ಇಬ್ಬರೂ ಲೂಥರನ ಮಕ್ಕಳೇ. ಈ ಜಗಳಕ್ಕೆ ಸಮಬಲದ ಎದುರಾಳಿ ಬೇಕಿತ್ತು.

ಲೇಖಕರ ಪಕ್ಷಪಾತಕ್ಕೆ ಕಾರಣವೂ ಇದೆ. 1918ರಲ್ಲಿ ಐಯೋವಾದ ಗವರ್ನರ್ ಹಾರ್ಡಿಂಗ್ ಶಾಲೆ, ರೈಲು, ಟೆಲಿಫೋನಿನಲ್ಲಷ್ಟೇ ಅಲ್ಲ, ಚರ್ಚಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದೆಂದು ಆಜ್ಞೆ ಹೊರಡಿಸಿದ್ದರು. ಅದೇ ವರ್ಷ ನಾರ್ವೇಜಿಯನ್ ಲೂಥರನ್ ಚರ್ಚು ತನ್ನ ಹೆಸರಿನಿಂದ 'ನಾರ್ವೇಜಿಯನ್' ತೆಗೆಯಲು ಮತ ಹಾಕಿ, 1920ರಲ್ಲಿ ಹಿಂದೆಗೆಯಿತು. ಕೊನೆಗೆ 1946ರಲ್ಲಿ ಆ ಪದ ಹೋಯಿತು. ಪರಂಪರೆ ಉಳಿಸುವ ಹೋರಾಟದಲ್ಲಿ ರೋಲ್ವಾಗ್ ಮುಂಚೂಣಿಯಲ್ಲಿದ್ದವರು. ಬೆರೆಟ್ ಬಾಯಲ್ಲಿ ಆಗಾಗ ಪ್ರೊಫೆಸರರ ಭಾಷಣ ಕೇಳಿಸುವುದು ಅದಕ್ಕೇ.

(ನಮ್ಮ ಗಣೇಶನ ಹಬ್ಬದಲ್ಲಿ ಪುರೋಹಿತರ ಸಂಸ್ಕೃತ ಅಪ್ಪನಿಗೂ ತಿಳಿಯದು, ಮಗಳಿಗೂ ತಿಳಿಯದು, ಹಾಗಾಗಿ ಜಗಳವಿಲ್ಲ. ದೇವರನಾಮವನ್ನು ಇಂಗ್ಲಿಷ್ ಲಿಪಿಯಲ್ಲಿ ಅಚ್ಚು ಹಾಕಿಸಿ ಹಂಚಿದ ದಿನ ನೋಡಬೇಕು!)

ಆದರೂ ಭಾಷಣ ಮರೆತಲ್ಲೆಲ್ಲ ಬೆರೆಟ್ ಎದ್ದು ನಿಲ್ಲುತ್ತಾಳೆ. ಮಗ ಮೆಚ್ಚಿದ್ದು ಐರಿಷ್ ಕ್ಯಾಥೊಲಿಕ್ ಹುಡುಗಿ ಸೂಸಿಯನ್ನು. ಭಾಷೆಗಾಗಿ ಅಷ್ಟು ಹೋರಾಡಿದ ತಾಯಿ, ಭಾಷೆಯ ಜೊತೆ ಪಂಥವೂ ಬೇರೆಯಾದ ಆ ಮದುವೆಗೆ ಕೊನೆಯಲ್ಲಿ ಒಪ್ಪುತ್ತಾಳೆ. ಇಲ್ಲಿ ಯಾರೂ ಯಾರಿಗೂ ಪಾಠ ಹೇಳುವುದಿಲ್ಲ.

ಅನುವಾದದ ಬಗ್ಗೆ ಒಂದು ಮಾತು. ಎಲ್ಲವೂ ಇಂಗ್ಲಿಷಾದ ಮೇಲೆ ಮೊದಲೆರಡು ಕೋಣೆಗಳ ನಡುವಿನ ಗೋಡೆ ಬಿದ್ದುಹೋಗಿದೆ. ಪೀಡರ್ ಈಗ ಯಾವ ಕೋಣೆಯಲ್ಲಿ ನಿಂತು ಮಾತಾಡುತ್ತಿದ್ದಾನೆ ಎಂಬುದು, ಲೇಖಕರು ಬಿಡಿಸಿ ಹೇಳದ ಹೊರತು, ನಮಗೆ ಕೇಳಿಸುವುದೇ ಇಲ್ಲ.