ಆರು ಸಾಲಿನ ಸಂಗೀತ: ಒಂದು ವ್ಯಾಖ್ಯಾನ

ಕಂಪ್ಯೂಟರಿಗೆ ಸಾಲುಸಾಲಾಗಿ ಕೋಡ್ ಬರೆದು ಸಂಗೀತ ನುಡಿಸುವುದು, ಅದು ನುಡಿಯುತ್ತಿರುವಾಗಲೇ ಸಾಲುಗಳನ್ನು ತಿದ್ದುತ್ತ ಕಛೇರಿ ನಡೆಸುವುದು: ಈ ಕಲೆಗೆ ಲೈವ್ ಕೋಡಿಂಗ್ ಎಂದು ಹೆಸರು. ಅದನ್ನು ಕಲಿಯಲು ಸುಲಭವಾದ ತಂತ್ರಾಂಶಗಳಲ್ಲಿ ಸೋನಿಕ್ ಪೈ ಒಂದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿದ್ದ ಸ್ಯಾಮ್ ಆರನ್ 2012ರಲ್ಲಿ ಶಾಲಾ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು, ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರಿಗಾಗಿ ಅದನ್ನು ಕಟ್ಟತೊಡಗಿದರು. ಆ ಭಾಷೆಯ ಆರು ಸಾಲುಗಳನ್ನು ಇಲ್ಲಿ ಬಿಡಿಸಿ ನೋಡೋಣ. ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಮೂಲ

1. ಲೈವ್_ಲೂಪ್ :ಮೋಹನ ಡೂ
2. ಯೂಸ್_ಬಿಪಿಎಂ 120
3. ಯೂಸ್_ಸಿಂತ್ :ಪ್ಲಕ್
4. ಪ್ಲೇ ಸ್ಕೇಲ್(60, :ಮೇಜರ್_ಪೆಂಟಟಾನಿಕ್).ಚೂಸ್
5. ಸ್ಲೀಪ್ 0.5
6. ಎಂಡ್

ವ್ಯಾಖ್ಯಾನ

ಸಾಲು 1: ಇಲ್ಲಿಂದ ‘ಎಂಡ್’ವರೆಗಿನ ಸಾಲುಗಳನ್ನು ನಿಲ್ಲಿಸು ಎನ್ನುವ ತನಕ ಸುತ್ತುತ್ತಲೇ ಇರು ಎಂದು ಅರ್ಥ. ‘ಮೋಹನ’ ಎಂಬುದು ಈ ಸುತ್ತಿಗೆ ನಾವಿಟ್ಟ ಹೆಸರು, ಬೇರೆ ಯಾವುದಾದರೂ ನಡೆಯುತ್ತದೆ. ಆದರೆ ಹೆಸರಿಲ್ಲದೆ ನಡೆಯದು. ಸಾಲುಗಳನ್ನು ತಿದ್ದಿ ಮತ್ತೆ ‘ರನ್’ ಒತ್ತಿದಾಗ, ಓಡುತ್ತಿರುವ ಯಾವ ಸುತ್ತನ್ನು ಬದಲಿಸಬೇಕು ಎಂಬುದು ಯಂತ್ರಕ್ಕೆ ತಿಳಿಯುವುದು ಈ ಹೆಸರಿನಿಂದಲೇ.

ಸಾಲು 2: ನಿಮಿಷಕ್ಕೆ 120 ಮಾತ್ರೆ, ಅಂದರೆ ಒಂದು ಮಾತ್ರೆಗೆ ಅರ್ಧ ಸೆಕೆಂಡು. ಈ ಸಾಲು ಸುತ್ತಿನ ಒಳಗೇ ಇರುವುದರಿಂದ ಕಛೇರಿಯ ನಡುವೆ ಸಂಖ್ಯೆ ಬದಲಿಸಿದರೂ ಮುಂದಿನ ಸುತ್ತಿನಿಂದ ಲಯ ಬದಲಾಗುತ್ತದೆ.

ಸಾಲು 3: ವಾದ್ಯದ ಆಯ್ಕೆ. ‘ಪ್ಲಕ್’ ಮೀಟಿದ ತಂತಿಯ ನಾದ ಕೊಡುತ್ತದೆ. ಯಾರೋ ನುಡಿಸಿ ಧ್ವನಿಮುದ್ರಿಸಿಟ್ಟ ತಂತಿ ಇದರ ಹಿಂದೆ ಇಲ್ಲ. ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ಲೆಕ್ಕ ಇದರ ಮೂಲ: ಕ್ಷಣಮಾತ್ರದ ಗದ್ದಲವೊಂದನ್ನು ಹುಟ್ಟಿಸಿ, ಅದನ್ನು ಮತ್ತೆ ಮತ್ತೆ ಸುತ್ತಿಸುತ್ತ, ಪ್ರತಿ ಸಲವೂ ಅಕ್ಕಪಕ್ಕದ ಬೆಲೆಗಳ ಸರಾಸರಿ ತೆಗೆಯುವುದು. ಗದ್ದಲ ಕರಗುತ್ತ ಸ್ವರವಾಗುತ್ತದೆ, ಸ್ವರ ಮೆಲ್ಲಗೆ ಅಡಗುತ್ತದೆ.

ಸಾಲು 4: ಇದರಲ್ಲಿ ಮೂರು ಮಾತು ಅಡಗಿವೆ. 60 ಎಂದರೆ ಪಿಯಾನೊದ ನಡು ‘ಸಿ’, ಸುಮಾರು 261.6 ಹರ್ಟ್ಸ್. ಒಂದೊಂದು ಅಂಕಿ ಏರಿದಂತೆ ಒಂದೊಂದು ಸ್ವರಸ್ಥಾನ ಏರುತ್ತದೆ. 12 ಏರಿದರೆ ತಾರ ಷಡ್ಜ. 60ನ್ನು ಷಡ್ಜವೆಂದು ಹಿಡಿದರೆ ‘ಮೇಜರ್ ಪೆಂಟಟಾನಿಕ್’ ಕೊಡುವ ಪಟ್ಟಿ 60, 62, 64, 67, 69, 72. ಇದು ಸ, ಚತುಶ್ರುತಿ ರಿ, ಅಂತರ ಗ, ಪ, ಚತುಶ್ರುತಿ ಧ, ಮೇಲಿನ ಸ: ಮೋಹನ ರಾಗದ ಆರೋಹಣ. ‘ಚೂಸ್’ ಈ ಆರರಲ್ಲಿ ಒಂದನ್ನು ಎತ್ತಿಕೊಳ್ಳುತ್ತದೆ, ‘ಪ್ಲೇ’ ನುಡಿಸುತ್ತದೆ.

ಆಯ್ಕೆ ಮನಬಂದಂತೆ ನಡೆದಂತೆ ಕೇಳಿಸಿದರೂ ಅದಕ್ಕೊಂದು ಕಟ್ಟಿದೆ. ನಿಲ್ಲಿಸಿ ಮೊದಲಿಂದ ಓಡಿಸಿದರೆ ಸ್ವರಗಳು ಅದೇ ಕ್ರಮದಲ್ಲಿ ಬರುತ್ತವೆ. ಆದ್ದರಿಂದ ಮೈಸೂರಿನಲ್ಲಿ ಬರೆದದ್ದನ್ನು ಇನ್ನೊಬ್ಬರು ಮಂಗಳೂರಿನಲ್ಲಿ ಓಡಿಸಿದರೂ ಅದೇ ರಚನೆ ಕೇಳಿಸುತ್ತದೆ. ಇಷ್ಟಾದರೂ ಇದನ್ನು ಮೋಹನ ರಾಗ ಎನ್ನಲಾಗದು. ಗಮಕವಿಲ್ಲ, ಸಂಚಾರವಿಲ್ಲ, ಎಲ್ಲಿ ನಿಲ್ಲಬೇಕೆಂಬ ಅರಿವಿಲ್ಲ. ಸ್ವರಗಳು ಸಿಕ್ಕಿವೆ, ರಾಗ ಇನ್ನೂ ಸಿಕ್ಕಿಲ್ಲ.

ಸಾಲು 5: ಈ ರಚನೆಯ ಪ್ರಾಣ ಇಲ್ಲಿದೆ. ‘ಪ್ಲೇ’ ತಾನಾಗಿ ಕಾಯುವುದಿಲ್ಲ. ಸ್ವರಕ್ಕೂ ಸ್ವರಕ್ಕೂ ನಡುವಿನ ಅಂತರವನ್ನು ನಾವೇ ಬರೆಯಬೇಕು. ಅರ್ಧ ಮಾತ್ರೆ ಎಂದರೆ ಇಲ್ಲಿ ಕಾಲು ಸೆಕೆಂಡು, ಸೆಕೆಂಡಿಗೆ ನಾಲ್ಕು ಸ್ವರ. ಈ ಸಾಲನ್ನು ಅಳಿಸಿದರೆ ಸೋನಿಕ್ ಪೈ ದೋಷ ತೋರಿಸಿ ಸುತ್ತನ್ನು ನಿಲ್ಲಿಸಿಬಿಡುತ್ತದೆ.

ಸಾಮಾನ್ಯ ಪ್ರೋಗ್ರಾಮಿನಲ್ಲಿ ಹೀಗೆ ಕಾಯಿಸಿದರೆ ಲಯ ಕೆಡುತ್ತದೆ. ಪ್ರತಿ ಸುತ್ತಿನ ಲೆಕ್ಕಕ್ಕೆ ಯಂತ್ರ 10 ಮಿಲಿಸೆಕೆಂಡು ತೆಗೆದುಕೊಂಡಿತು ಎನ್ನಿ. 250ರ ಜಾಗದಲ್ಲಿ 260 ಆಗಿ, 100 ಸುತ್ತಿಗೆ ಪೂರ್ತಿ ಒಂದು ಸೆಕೆಂಡು ಹಿಂದೆ ಬೀಳುತ್ತದೆ. ತಾಳ ಹಾಕುವವರು ಇದನ್ನು ಸಹಿಸಲಾರರು. ಸೋನಿಕ್ ಪೈ ತನ್ನದೇ ಒಂದು ಕಾಲಮಾನ ಇಟ್ಟುಕೊಂಡು, ಲೆಕ್ಕಕ್ಕೆ ಖರ್ಚಾದ ಹೊತ್ತನ್ನು ಕಳೆದು, ಉಳಿದಷ್ಟು ಮಾತ್ರ ಕಾಯುತ್ತದೆ. ಸ್ವರದ ಆದೇಶವನ್ನೂ ಇಷ್ಟು ಹೊತ್ತಿಗೆ ನುಡಿಸಬೇಕೆಂಬ ಗುರುತು ಹಾಕಿ, ನಾದ ಹೊರಡಿಸುವ ಸೂಪರ್‌ಕೊಲೈಡರ್‌ಗೆ ಮುಂಚಿತವಾಗಿ ಕಳಿಸುತ್ತದೆ. ಈ ವ್ಯವಸ್ಥೆ ಇಲ್ಲದಿದ್ದರೆ ಎರಡು ಸುತ್ತುಗಳನ್ನು ಒಟ್ಟಿಗೆ ನುಡಿಸುವುದೇ ಕಷ್ಟವಾಗುತ್ತಿತ್ತು.

ಸಾಲು 6: ಸುತ್ತು ಮುಗಿಯಿತು, ಮತ್ತೆ ಎರಡನೆಯ ಸಾಲಿನಿಂದ ಶುರು. ಸಂಗೀತ ನಡೆಯುತ್ತಿರುವಾಗಲೇ 0.5 ಅಳಿಸಿ 0.25 ಬರೆದು ‘ರನ್’ ಒತ್ತಿ. ಸದ್ದು ಕಡಿಯುವುದಿಲ್ಲ, ಹಿಡಿದ ಸುತ್ತು ಮುಗಿದು ಮುಂದಿನದರಿಂದ ವೇಗ ದುಪ್ಪಟ್ಟಾಗುತ್ತದೆ. ಸಭೆಯಲ್ಲಿ ನಡೆಯುವುದೂ ಇದೇ. 2004ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಟಾಪ್‌ಲ್ಯಾಪ್ ಎಂಬ ಕಲಾವಿದರ ಕೂಟ, ಪರದೆಯನ್ನು ಸಭಿಕರಿಗೆ ತೋರಿಸಬೇಕು ಎಂಬ ನಿಲುವು ತಾಳಿತು. ಕಲಾವಿದರು ಬರೆಯುವುದು, ಅಳಿಸುವುದು, ಎಡವುವುದು ಎಲ್ಲವೂ ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ಬೆರಳು ಕಾಣದ ಈ ವಾದನದಲ್ಲಿ ಕಲಾವಿದರ ಕೈಚಳಕ ಸಭೆಗೆ ಕಾಣುವುದು ಪರದೆಯ ಮೇಲೆಯೇ.

ತಾತ್ಪರ್ಯ

ಯಂತ್ರ ಸ್ವರ ಎತ್ತಿಕೊಡಬಲ್ಲದು, ಲಯ ತಪ್ಪದೆ ನಡೆಸಬಲ್ಲದು. ಯಾವಾಗ ಬದಲಿಸಬೇಕು, ಎಷ್ಟು ಕಾಯಬೇಕು ಎಂಬ ತೀರ್ಮಾನ ಮಾತ್ರ ಬರೆಯುವವರದು, ಸಂಗೀತಗಾರಿಕೆ ಇರುವುದೂ ಅಲ್ಲೇ. ಸೋನಿಕ್ ಪೈ ಉಚಿತ. ವಿಂಡೋಸ್, ಮ್ಯಾಕ್ ಯಾವುದರಲ್ಲೂ ಓಡುತ್ತದೆ. ಮನೆಯಲ್ಲಿ ಸಂಗೀತ ಕಲಿಯುವ ಮಕ್ಕಳಿದ್ದರೆ ಈ ಆರು ಸಾಲನ್ನು ಅವರಿಂದಲೇ ಟೈಪ್ ಮಾಡಿಸಿ. ‘ಚೂಸ್’ ತೆಗೆದು ‘ಟಿಕ್’ ಹಾಕಿದರೆ ಆರೋಹಣ ಕ್ರಮವಾಗಿ ಕೇಳಿಸುತ್ತದೆ. ಅದಾದ ಮೇಲೆ ಐದನೆಯ ಸಾಲನ್ನು ಅವರ ಕೈಗೆ ಬಿಡಿ.